ಕಾಲು ಬಿಡಿ, ಸೊಂಟ ನೋಡಿ: ಹಾರ್ವೆಸ್ಟ್‌ಮನ್, ಜೇಡ ಮತ್ತು ಉಳಿದ ಅಷ್ಟಪದಿಗಳನ್ನು ಬೇರೆಬೇರೆಯಾಗಿ ಗುರುತಿಸುವುದು ಹೇಗೆ?

ಕೂದಲೆಳೆಯಷ್ಟು ಸಪೂರವಾದ ಎಂಟು ಉದ್ದುದ್ದ ಕಾಲು, ಅವುಗಳ ನಡುವೆ ತೂಗುವ ಮಣಿಯಂಥ ಮೈ. ಇಂಥದ್ದೊಂದು ಕಣ್ಣಿಗೆ ಬಿದ್ದರೆ 'ಜೇಡ' ಎಂದು ಮುಂದೆ ಹೋಗುವವರೇ ಹೆಚ್ಚು. ವರ್ಷಗಟ್ಟಲೆ ನಾನೂ ಹಾಗೇ ಮಾಡಿದ್ದೆ. ಒಂದು ರಾತ್ರಿ ತೇವದ ಕಲ್ಲಿನ ಮೇಲೆ ಕೂತಿದ್ದ ಒಂದನ್ನು ಭೂತಗನ್ನಡಿ ಹಿಡಿದು ಹತ್ತಿರದಿಂದ ನೋಡಿದೆ. ಅದು ತನ್ನ ಕಾಲೊಂದನ್ನು ಬಾಯಿಗೆ ತಂದುಕೊಂಡು, ಪುಟ್ಟ ಇಕ್ಕಳದ ನಡುವೆ ಹಿಡಿದು ತುದಿಯವರೆಗೂ ನಿಧಾನವಾಗಿ ಎಳೆಯುತ್ತಿತ್ತು, ಸೂಜಿಗೆ ಪೋಣಿಸುವ ಮೊದಲು ದಾರವನ್ನು ತುಟಿಯಲ್ಲಿ ಎಳೆದು ನೇರ ಮಾಡಿಕೊಳ್ಳುವ ಹಾಗೆ. ಕಾಲು ಬಿಲ್ಲಿನಂತೆ ಬಾಗಿತು, ತುದಿ ಬಂದ ಕೂಡಲೇ ಬಿಡಿಸಿಕೊಂಡು ನೆಟ್ಟಗಾಯಿತು. ಆಮೇಲೆ ಮತ್ತೊಂದು ಕಾಲಿನ ಸರದಿ. ಆಗ ಗಮನಕ್ಕೆ ಬಂತು: ಇದಕ್ಕೆ ಸೊಂಟವೇ ಇಲ್ಲ. ಇದು ಜೇಡವಲ್ಲ, ಹಾರ್ವೆಸ್ಟ್‌ಮನ್.

ಈ ಇಡೀ ಬರಹದ ತಿರುಳು ಅದೇ. ಕಾಲಿನ ಉದ್ದ ಯಾರನ್ನಾದರೂ ಮೋಸಗೊಳಿಸುತ್ತದೆ, ಮೈಯ ಆಕಾರ ಮೋಸ ಮಾಡುವುದು ಅಪರೂಪ. ಎಲ್ಲಿಂದ ನೋಡಲು ಶುರು ಮಾಡಬೇಕು, ಯಾವ ಲಕ್ಷಣವನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದನ್ನು ಮುಂದೆ ಒಂದೊಂದಾಗಿ ಹೇಳುತ್ತೇನೆ.

ಹೆಸರೇ ಗೊಂದಲದ ಮೂಲ

'ಡ್ಯಾಡಿ ಲಾಂಗ್‌ಲೆಗ್ಸ್' ಎಂಬ ಹೆಸರನ್ನು ನೀವು ಕೇಳಿರಬಹುದು. ಇಂಗ್ಲಿಷಿನಲ್ಲಿ ಅದು ಕನಿಷ್ಠ ಮೂರು ಜೀವಿಗಳಿಗೆ ಸಲ್ಲುತ್ತದೆ. ಮೊದಲನೆಯದು ಹಾರ್ವೆಸ್ಟ್‌ಮನ್. ಎರಡನೆಯದು ಮನೆಯ ಮೂಲೆಗಳಲ್ಲಿ ಅಸ್ತವ್ಯಸ್ತ ಬಲೆ ಕಟ್ಟಿ ತಲೆಕೆಳಗಾಗಿ ನೇತಾಡುವ ಫೋಲ್ಸಿಡೇ ಕುಟುಂಬದ ಜೇಡ. ಮೂರನೆಯದು ಕ್ರೇನ್ ಫ್ಲೈ, ಅಂದರೆ ಉದ್ದಕಾಲಿನ ಒಂದು ನೊಣ. ಹೀಗಾಗಿ ಗುರುತಿಸುವ ಕೆಲಸಕ್ಕೆ ಆ ಹೆಸರಿನಿಂದ ಏನೂ ಪ್ರಯೋಜನವಿಲ್ಲ. ಮಾತಿಗೆ ಮಾತ್ರ ಇಟ್ಟುಕೊಳ್ಳಿ.

ವಿಜ್ಞಾನದಲ್ಲಿ ಹಾರ್ವೆಸ್ಟ್‌ಮನ್‌ಗಳ ಗಣಕ್ಕೆ ಒಪಿಲಿಯೋನಿಸ್ ಎಂದು ಹೆಸರು. ಲ್ಯಾಟಿನ್ನಿನಲ್ಲಿ 'ಒಪಿಲಿಯೊ' ಎಂದರೆ ಕುರುಬ. ಜೀವಿಗಳಿಗೆ ವೈಜ್ಞಾನಿಕ ಹೆಸರಿಡುವ ಪದ್ಧತಿ ತಂದ ಲಿನೇಯಸ್ 1758ರಲ್ಲಿ ಯುರೋಪಿನ ಸಾಮಾನ್ಯ ಪ್ರಭೇದವೊಂದಕ್ಕೆ ಫಲಾಂಜಿಯಮ್ ಒಪಿಲಿಯೊ ಎಂದು ಹೆಸರಿಟ್ಟ. ಅಲ್ಲಿ ಸುಗ್ಗಿಯ ಹೊತ್ತಿಗೆ ಇವು ಹೆಚ್ಚಾಗಿ ಕಾಣುತ್ತಿದ್ದವು, ಅದರಿಂದ ಹಾರ್ವೆಸ್ಟ್‌ಮನ್. ಮನೆಯ ಉದ್ದಕಾಲಿನ ಜೇಡಕ್ಕಿರುವ ವೈಜ್ಞಾನಿಕ ಹೆಸರು ಇನ್ನೂ ಸ್ವಾರಸ್ಯಕರ: ಫೋಲ್ಕಸ್ ಫಲಾಂಜಿಯಾಯ್ಡಿಸ್, ಅಂದರೆ 'ಫಲಾಂಜಿಯಮ್‌ನಂತೆ ಕಾಣುವ' ಫೋಲ್ಕಸ್. ಇವೆರಡರ ಹೋಲಿಕೆ ಹೆಸರಿನಲ್ಲೇ ಅಚ್ಚಾಗಿ ಕೂತಿದೆ.

ಜೇಡ, ಹಾರ್ವೆಸ್ಟ್‌ಮನ್, ಚೇಳು, ನುಸಿ, ಉಣ್ಣೆ ಎಲ್ಲವೂ ಅಷ್ಟಪದಿಗಳೇ. ಆದರೆ ಒಂದೇ ದೊಡ್ಡ ಮನೆತನ ಎಂದ ಮಾತ್ರಕ್ಕೆ ಎಲ್ಲರೂ ಒಡಹುಟ್ಟಿದವರಲ್ಲ. ಜೇಡಗಳಿಗೆ ಹತ್ತಿರದ ನೆಂಟರೆಂದರೆ ಚಾಟಿಜೇಡ ಮತ್ತು ಚಾಟಿಚೇಳುಗಳು (ಇವುಗಳ ಗುರುತು ಹಂತ 7ರಲ್ಲಿದೆ). ಹಾರ್ವೆಸ್ಟ್‌ಮನ್ ಆ ಬಳಗಕ್ಕೆ ಸೇರಿಲ್ಲ. ಜೇಡಗಳಲ್ಲಿ ಹೆಸರು ಪಡೆದ ಪ್ರಭೇದಗಳ ಸಂಖ್ಯೆ 2022ರಲ್ಲಿ 50,000 ದಾಟಿತು. ಹಾರ್ವೆಸ್ಟ್‌ಮನ್‌ಗಳಲ್ಲಿ 6,500ಕ್ಕೂ ಹೆಚ್ಚು ಪ್ರಭೇದಗಳಿವೆ.

ಹೊರಡುವ ಮೊದಲು

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ, ಟಾರ್ಚು, ಪಾರದರ್ಶಕ ಡಬ್ಬಿ, ಮೆತ್ತನೆಯ ಬಣ್ಣದ ಬ್ರಷ್ಷು, ಒಂದು ದಪ್ಪ ಕಾಗದ. ಇಷ್ಟು ಸಾಕು. ಫೋನಿನ ಕ್ಯಾಮೆರಾ ಇದ್ದರೆ ಅದೂ ಬಹಳ ಕೆಲಸಕ್ಕೆ ಬರುತ್ತದೆ. ಹಾರ್ವೆಸ್ಟ್‌ಮನ್‌ಗಳಲ್ಲಿ ಹೆಚ್ಚಿನವು ರಾತ್ರಿ ಓಡಾಡುತ್ತವೆ, ತೇವ ಬಯಸುತ್ತವೆ. ಕಲ್ಲಿನಡಿ, ಕೊಳೆಯುವ ಮರದ ದಿಮ್ಮಿ, ತರಗೆಲೆ, ಗುಹೆಯ ಬಾಯಿ, ನೆರಳಿನ ಗೋಡೆ, ಇಲ್ಲೆಲ್ಲ ಹುಡುಕಿ. ಕಲ್ಲು ಎತ್ತಿ ನೋಡಿದರೆ ಇದ್ದ ಹಾಗೆಯೇ ಮೆಲ್ಲಗೆ ಮುಚ್ಚಿಡಿ, ಅದರಡಿ ಬದುಕುವವರ ಮನೆ ಅದು.

ಇದೇ ಜಾಗಗಳಲ್ಲಿ ಚೇಳೂ ಇರುತ್ತದೆ, ಕಚ್ಚುವ ಜೇಡವೂ ಇರಬಹುದು. ಆದ್ದರಿಂದ ಏನೆಂದು ತಿಳಿಯುವ ತನಕ ಬರಿಗೈಯಿಂದ ಮುಟ್ಟಬೇಡಿ. ಡಬ್ಬಿಯನ್ನು ಮೇಲಿಂದ ಮುಚ್ಚಿ, ಅಡಿಗೆ ಕಾಗದ ತೂರಿಸಿ ಹಿಡಿಯುವುದೇ ಒಳ್ಳೆಯ ದಾರಿ.

ಹಂತ 1: ಕಾಲು ಎಣಿಸಿ, ಅಲ್ಲಿಗೆ ಬಿಡಿ

ಆರು ಕಾಲು, ರೆಕ್ಕೆ, ಕುಡಿಮೀಸೆ ಕಂಡರೆ ಅದು ಕೀಟ. ಕ್ರೇನ್ ಫ್ಲೈ ಇಲ್ಲೇ ಆಚೆ ಹೋಗುತ್ತದೆ. ಎಂಟು ಕಾಲಿದ್ದರೆ ಅಷ್ಟಪದಿ.

ಆದರೆ ಎಣಿಕೆಯನ್ನು ಕುರುಡಾಗಿ ನಂಬಬೇಡಿ. ಏಳು, ಆರು ಕಾಲಿನ ಹಾರ್ವೆಸ್ಟ್‌ಮನ್ ಧಾರಾಳವಾಗಿ ಸಿಗುತ್ತವೆ. ಶತ್ರುವಿನ ಹಿಡಿತಕ್ಕೆ ಸಿಕ್ಕಿದರೆ ಇವು ಕಾಲನ್ನು ಬುಡದ ಬಳಿ ಕಳಚಿ ಓಡಿಹೋಗುತ್ತವೆ. ಕಳಚಿದ ಕಾಲು ನೆಲದ ಮೇಲೆ ಒಂದಷ್ಟು ಹೊತ್ತು ಮಿಡುಕುತ್ತಲೇ ಇರುತ್ತದೆ, ಬೇಟೆಗಾರ ಅದನ್ನು ನೋಡುತ್ತ ನಿಲ್ಲುತ್ತದೆ. ಎಳೆಯ ಜೇಡಕ್ಕೆ ಕಾಲು ಹೋದರೆ ಮುಂದೆ ಪೊರೆ ಬಿಡುವಾಗ ಹೊಸದು ಬರಬಹುದು. ಹಾರ್ವೆಸ್ಟ್‌ಮನ್‌ಗೆ ಹೋದ ಕಾಲು ಹೋದದ್ದೇ. ಅದಕ್ಕಾಗಿಯೇ ಇದನ್ನು ಎಂದಿಗೂ ಕಾಲು ಹಿಡಿದು ಎತ್ತಬಾರದು. ಆಟಕ್ಕೆಂದು ಕಾಲು ಕೀಳುವ ಮಕ್ಕಳಿಗೆ ಈ ಒಂದು ಸಂಗತಿಯನ್ನು ಹೇಳಿದರೆ ಸಾಕು, ಕೈ ತಾನಾಗಿ ಹಿಂದೆ ಸರಿಯುತ್ತದೆ.

ಉದ್ದದ ವಿಷಯ ಹೇಳುವುದಾದರೆ, 2012ರಲ್ಲಿ ಲಾವೋಸಿನಲ್ಲಿ ಸಿಕ್ಕ ಹಾರ್ವೆಸ್ಟ್‌ಮನ್ ಒಂದರ ಕಾಲುಗಳ ಹರವು 33 ಸೆಂಟಿಮೀಟರಿಗೂ ಹೆಚ್ಚಿತ್ತು. ಅದೇ ಗಣದಲ್ಲಿ ಕಾಲು ಮೈಗಿಂತ ಅಷ್ಟೇನೂ ಉದ್ದವಿಲ್ಲದ, ಕೆಲವೇ ಮಿಲಿಮೀಟರಿನ ಜೀವಿಗಳೂ ಇವೆ. ಉದ್ದ ಕಾಲು ಹಾರ್ವೆಸ್ಟ್‌ಮನ್‌ನ ಗುರುತು ಅಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹಂತ 2: ಪಕ್ಕದಿಂದ ಸೊಂಟ ನೋಡಿ

ಇದೇ ಮುಖ್ಯ ಪರೀಕ್ಷೆ. ಒಂದೇ ಒಂದು ಲಕ್ಷಣ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಜೇಡದ ಮೈ ಎರಡು ಭಾಗ. ಮುಂದೆ ತಲೆ ಮತ್ತು ಎದೆ ಕೂಡಿಕೊಂಡ ಭಾಗ, ಕಾಲುಗಳೆಲ್ಲ ಹುಟ್ಟುವುದು ಅಲ್ಲಿಂದ. ಹಿಂದೆ ಹೊಟ್ಟೆ. ಇವೆರಡರ ನಡುವೆ ಸಣ್ಣ ಕೊಳವೆಯಂಥ ಸೊಂಟ. ಹಾರ್ವೆಸ್ಟ್‌ಮನ್‌ನಲ್ಲೂ ಈ ಎರಡು ಭಾಗಗಳಿವೆ, ಆದರೆ ಅವು ಅಗಲಕ್ಕೆ ಅಗಲ ಬೆಸೆದುಕೊಂಡಿವೆ. ಮೇಲಿಂದ ನೋಡಿದರೆ ಇಡೀ ಮೈ ಒಂದೇ ಮೊಟ್ಟೆಯಂತೆ, ಒಂದೇ ಗುಂಡಿಯಂತೆ ಕಾಣುತ್ತದೆ.

ಮೇಲಿಂದ ಮಾತ್ರ ನೋಡಿ ತೀರ್ಪು ಕೊಡಬೇಡಿ. ಎಷ್ಟೋ ಜೇಡಗಳ ಹೊಟ್ಟೆ ಮುಂದಕ್ಕೆ ಚಾಚಿ ಸೊಂಟವನ್ನು ಮುಚ್ಚಿಬಿಡುತ್ತದೆ, ದಪ್ಪ ಹೊಟ್ಟೆಯ ಹೆಣ್ಣು ಜೇಡಗಳಲ್ಲಂತೂ ಇದು ಮಾಮೂಲು. ಡಬ್ಬಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಪಕ್ಕದಿಂದ ನೋಡಿ. ಜೇಡವಾದರೆ ಮೈಯ ಎರಡು ತುಂಡುಗಳ ನಡುವೆ ಬೆಳಕು ತೂರುವ ಬಿರುಕು ಕಂಡೇ ಕಾಣುತ್ತದೆ.

ಜೊತೆಗೇ ಹೊಟ್ಟೆಯ ಮೇಲೆ ಅಡ್ಡಗೆರೆಗಳಿವೆಯೇ ಗಮನಿಸಿ. ಹಾರ್ವೆಸ್ಟ್‌ಮನ್‌ನ ಹೊಟ್ಟೆ ಖಂಡಖಂಡವಾಗಿದೆ, ಭೂತಗನ್ನಡಿಯಲ್ಲಿ ಆ ಅಡ್ಡ ಪಟ್ಟಿಗಳು ಕಾಣುತ್ತವೆ, ಕೆಳಗಡೆಯಿಂದ ನೋಡಿದರೆ ಇನ್ನೂ ಸ್ಪಷ್ಟ. ಬಹುಪಾಲು ಜೇಡಗಳ ಹೊಟ್ಟೆ ಖಂಡಗಳಿಲ್ಲದ ನುಣುಪು ಚೀಲ. ಅದರ ಮೇಲಿನ ಚಿತ್ತಾರ ಬಣ್ಣದ್ದೇ ಹೊರತು ಮಡಿಕೆಯದಲ್ಲ. ಲಿಫಿಸ್ಟಿಡೇ ಎಂಬ ಪುರಾತನ ಕುಟುಂಬದ ಜೇಡಗಳಲ್ಲಿ ಹೊಟ್ಟೆಯ ಮೇಲೆ ಫಲಕಗಳ ಸಾಲಿದೆ. ಆದರೆ ಅವಕ್ಕೂ ಸೊಂಟವಿದೆ.

ಹಂತ 3: ಕಣ್ಣುಗಳು ಎಷ್ಟು, ಎಲ್ಲಿ?

ಹಾರ್ವೆಸ್ಟ್‌ಮನ್‌ನ ಕಣ್ಣು ನೋಡುವುದೇ ಒಂದು ಖುಷಿ. ಮೈಯ ಮುಂಭಾಗದ ನಡುಮಧ್ಯೆ ಪುಟ್ಟ ದಿಬ್ಬವೊಂದು ಎದ್ದಿರುತ್ತದೆ. ಅದರ ಎಡಕ್ಕೊಂದು, ಬಲಕ್ಕೊಂದು ಕಪ್ಪು ಕಣ್ಣು. ಎರಡೂ ಪಕ್ಕಕ್ಕೆ ನೋಡುತ್ತವೆ, ಮುಂದಕ್ಕಲ್ಲ. ಕೆಲವು ಪ್ರಭೇದಗಳಲ್ಲಿ ಆ ದಿಬ್ಬದ ಮೇಲೆ ಮುಳ್ಳಿನ ಸಾಲೂ ಇರುತ್ತದೆ. ಬೆನ್ನಿನ ಮೇಲೆ ಕಾವಲುಗೋಪುರ ಕಟ್ಟಿ ಎರಡು ಕಿಟಕಿ ಇಟ್ಟಂತೆ.

ಜೇಡಗಳಲ್ಲಿ ಹೆಚ್ಚಿನವಕ್ಕೆ ಎಂಟು ಕಣ್ಣು, ಕೆಲವಕ್ಕೆ ಆರು, ಇನ್ನು ಕೆಲವಕ್ಕೆ ಅದಕ್ಕೂ ಕಡಿಮೆ. ಅವು ತಲೆಯ ಮುಂಚೂಣಿಯಲ್ಲಿ ಸಾಲಾಗಿಯೋ ಗುಂಪಾಗಿಯೋ ಇರುತ್ತವೆ. ರಾತ್ರಿ ಟಾರ್ಚನ್ನು ಕಣ್ಣಿನ ಪಕ್ಕ ಹಿಡಿದು ಹುಲ್ಲಿನತ್ತ ಬಿಟ್ಟಾಗ ಮಿಣುಕು ಚುಕ್ಕೆ ಹೊಳೆದರೆ ಅದು ಬಹುತೇಕ ತೋಳ ಜೇಡ.

ಹಾರ್ವೆಸ್ಟ್‌ಮನ್‌ಗೆ ಮೊದಲಿಂದಲೂ ಎರಡೇ ಕಣ್ಣೇ? ಫ್ರಾನ್ಸಿನಲ್ಲಿ ಸಿಕ್ಕ ಸುಮಾರು 30.5 ಕೋಟಿ ವರ್ಷ ಹಳೆಯ ಹಾಸ್ಟೊಕ್ಯುಲಾರಿಸ್ ಆರ್ಗಸ್ ಎಂಬ ಪಳೆಯುಳಿಕೆಗೆ ನಾಲ್ಕು ಕಣ್ಣುಗಳಿದ್ದವು: ನಡುವಿನ ದಿಬ್ಬದಲ್ಲಿ ಒಂದು ಜೋಡಿ, ಅಂಚಿನಲ್ಲಿ ಇನ್ನೊಂದು ಜೋಡಿ. 2014ರಲ್ಲಿ ಪ್ರಕಟವಾದ ಈ ಸಂಗತಿ ಓದಿದ ಮೇಲೆ ಆ ದಿಬ್ಬವನ್ನು ನೋಡುವಾಗಲೆಲ್ಲ ನನಗೆ ಇಲ್ಲದಿರುವ ಆ ಇನ್ನೆರಡು ಕಣ್ಣುಗಳೂ ನೆನಪಾಗುತ್ತವೆ.

ಹಂತ 4: ನೂಲು ಇದೆಯೇ?

ಹಾರ್ವೆಸ್ಟ್‌ಮನ್‌ಗೆ ನೂಲು ತೆಗೆಯುವ ಗ್ರಂಥಿ ಇಲ್ಲ. ಬಲೆ ಇಲ್ಲ, ಜೋಲುವ ಎಳೆ ಇಲ್ಲ, ಮೊಟ್ಟೆ ಸುತ್ತುವ ಚೀಲವೂ ಇಲ್ಲ. ಎಲ್ಲಾ ಜೇಡಗಳೂ ನೂಲು ತೆಗೆಯುತ್ತವೆ, ಆದರೆ ಎಲ್ಲವೂ ಬಲೆ ಕಟ್ಟುವುದಿಲ್ಲ. ಹಾಗಾಗಿ ಬಲೆ ಕಂಡು ಅದರಲ್ಲಿ ಒಡೆಯನಂತೆ ಕೂತಿದ್ದರೆ ಜೇಡ ಎನ್ನಬಹುದು. ಬಲೆ ಇಲ್ಲ ಎಂಬ ಕಾರಣಕ್ಕೆ ಹಾರ್ವೆಸ್ಟ್‌ಮನ್ ಎನ್ನಲಾಗದು. ಹಾರ್ವೆಸ್ಟ್‌ಮನ್ ಯಾರದೋ ಬಲೆಗೆ ಸಿಕ್ಕಿ ಸತ್ತಿರುವುದೂ ಉಂಟು, ಅದನ್ನು ಬಲೆಯ ಒಡೆಯ ಎಂದುಕೊಳ್ಳಬೇಡಿ.

ಅತಿ ಹೆಚ್ಚು ಜನ ಎಡವುವುದು ಫೋಲ್ಕಸ್‌ನಂಥ ಮನೆಜೇಡದ ವಿಷಯದಲ್ಲಿ. ಕಾಲು ಥೇಟ್ ಹಾರ್ವೆಸ್ಟ್‌ಮನ್‌ನವೇ. ಆದರೆ ಬ್ರಷ್ಷಿನ ತುದಿಯಿಂದ ಬಲೆಯನ್ನು ಹಗುರವಾಗಿ ಮುಟ್ಟಿ ನೋಡಿ. ಇಡೀ ಜೇಡ ಬಲೆಯಲ್ಲೇ ಗಿರ್ರನೆ ಸುತ್ತತೊಡಗುತ್ತದೆ, ಎಷ್ಟು ಜೋರಾಗಿ ಎಂದರೆ ಮೈ ಮಸುಕಾಗಿ ಕಣ್ಣಿಗೆ ಸಿಗದಂತಾಗುತ್ತದೆ. ನಿಂತ ಮೇಲೆ ಪಕ್ಕದಿಂದ ನೋಡಿ: ಎದೆ ಬೇರೆ, ಹೊಟ್ಟೆ ಬೇರೆ. ಬಾಯಿಯಲ್ಲಿ ಮಣಿಗಳ ಗೊಂಚಲಿನಂಥದ್ದನ್ನು ಕಚ್ಚಿಕೊಂಡಿದ್ದರೆ ಅದು ತಾಯಿ, ಮೊಟ್ಟೆಗಳನ್ನು ನಾಲ್ಕಾರು ಎಳೆಯಲ್ಲಿ ಕಟ್ಟಿ ಬಾಯಲ್ಲೇ ಹೊತ್ತಿರುತ್ತದೆ. ಹಾರ್ವೆಸ್ಟ್‌ಮನ್ ಹೀಗೆ ಬಾಯಲ್ಲಿ ಮೊಟ್ಟೆ ಹೊರುವುದಿಲ್ಲ, ಹೆಚ್ಚಿನವು ಮೊಟ್ಟೆಯಿಡುವ ಉದ್ದನೆಯ ಕೊಳವೆಯನ್ನು ಹೊರಚಾಚಿ ಮಣ್ಣಿನ ಸಂದಿಯಲ್ಲೋ ಕೊಳೆತ ಮರದಲ್ಲೋ ಮೊಟ್ಟೆ ಇಡುತ್ತವೆ. ಕೆಲವು ಪ್ರಭೇದಗಳಲ್ಲಿ ಮೊಟ್ಟೆ ಕಾಯುವ ಕೆಲಸ ಅಪ್ಪನದು.

ಹಂತ 5: ಬಾಯಿ ಮತ್ತು ಊಟ

ಜೇಡದ ಬಾಯಿಯ ಮುಂದೆ ಎರಡು ಕೋರೆ, ಮಡಚುವ ಚಾಕುವಿನ ಹಾಗೆ. ಹಾರ್ವೆಸ್ಟ್‌ಮನ್‌ಗೆ ಕೋರೆಯ ಬದಲು ಏಡಿಯ ಕೊಂಡಿಯಂಥ ಪುಟ್ಟ ಇಕ್ಕಳ. ಫಲಾಂಜಿಯಮ್ ಒಪಿಲಿಯೊ ಗಂಡಿನಲ್ಲಿ ಆ ಇಕ್ಕಳದ ಮೇಲೆ ನೆಟ್ಟಗೆ ಎದ್ದ ಕೊಂಬುಗಳೂ ಇರುತ್ತವೆ.

ಊಟದ ರೀತಿಯೂ ಬೇರೆ. ಜೇಡ ಬೇಟೆಯನ್ನು ಜೀರ್ಣರಸದಿಂದ ಕರಗಿಸಿ ದ್ರವವನ್ನು ಹೀರುತ್ತದೆ. ಹಾರ್ವೆಸ್ಟ್‌ಮನ್ ಇಕ್ಕಳದಲ್ಲಿ ಚೂರು ಚೂರು ಕಿತ್ತು ಘನ ಆಹಾರವನ್ನೇ ನುಂಗುತ್ತದೆ. ಸಣ್ಣ ಹುಳ, ಸತ್ತ ಕೀಟ, ಅಣಬೆ, ಕೊಳೆತ ಹಣ್ಣು, ಹಕ್ಕಿಯ ಹಿಕ್ಕೆ, ಯಾವುದಕ್ಕೂ ಬೇಡವೆನ್ನದು. ಎಂಟು ಕಾಲಿನದೊಂದು ಅಣಬೆ ಕಡಿಯುತ್ತಿರುವುದು ಕಂಡರೆ ನಿಮ್ಮ ಅನುಮಾನ ಅಲ್ಲೇ ಮುಗಿಯಿತು.

ವಿಷದ ಕತೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. 'ಜಗತ್ತಿನಲ್ಲೇ ಅತ್ಯಂತ ವಿಷಕಾರಿ, ಆದರೆ ಕೋರೆ ಚಿಕ್ಕದಾದ್ದರಿಂದ ಮನುಷ್ಯರನ್ನು ಕಚ್ಚಲಾರದು' ಎಂಬ ಮಾತು ಊರೂರು ಸುತ್ತಿದೆ. ಹಾರ್ವೆಸ್ಟ್‌ಮನ್‌ಗೆ ವಿಷಗ್ರಂಥಿಯೇ ಇಲ್ಲ, ಕೋರೆಯೂ ಇಲ್ಲ. ಫೋಲ್ಸಿಡೇ ಜೇಡಗಳಿಗೆ ವಿಷವಿದೆ, ಆದರೆ ಅದು ಮನುಷ್ಯರಿಗೆ ಅಪಾಯಕಾರಿ ಎನ್ನಲು ಆಧಾರವಿಲ್ಲ. ಈ ಸುಳ್ಳು ಸುದ್ದಿಯಿಂದ ಎಷ್ಟೋ ನಿರುಪದ್ರವಿ ಜೀವಗಳು ಪೊರಕೆಗೆ ಬಲಿಯಾಗಿವೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಹಂತ 6: ಎರಡನೇ ಜೋಡಿ ಕಾಲಿನ ಓಡಾಟ

ಹಾರ್ವೆಸ್ಟ್‌ಮನ್ ನಡೆಯುವಾಗ ಎರಡು ನಿಮಿಷ ಸುಮ್ಮನೆ ನೋಡಿ. ಮುಂದಿನಿಂದ ಎರಡನೇ ಜೋಡಿ ಕಾಲು ಉಳಿದವಕ್ಕಿಂತ ಉದ್ದ. ನಡೆಯಲು ಅದು ಹೆಚ್ಚು ಬಳಕೆಯಾಗುವುದಿಲ್ಲ. ಗಾಳಿಯಲ್ಲಿ ಆಡಿಸುತ್ತ, ನೆಲ ತಟ್ಟುತ್ತ, ದಾರಿ ತಡವುತ್ತ ಸಾಗುತ್ತದೆ, ಕತ್ತಲಲ್ಲಿ ನಾವು ಕೈ ಚಾಚಿ ಗೋಡೆ ಹುಡುಕುವ ಹಾಗೆ. ಕೀಟಗಳಿಗೆ ಕುಡಿಮೀಸೆ ಮಾಡುವ ಕೆಲಸವನ್ನು ಇದಕ್ಕೆ ಈ ಕಾಲುಗಳು ಮಾಡುತ್ತವೆ. ಉದ್ದಕಾಲಿನ ಪ್ರಭೇದಗಳಲ್ಲಿ ಪಾದದ ತುದಿ ಹತ್ತಾರು ಸಣ್ಣ ಗಂಟುಗಳ ಸರದಂತಿದ್ದು, ಹುಲ್ಲಿನ ಕಡ್ಡಿಗೆ ಬಳ್ಳಿಯಂತೆ ಸುತ್ತಿಕೊಳ್ಳುತ್ತದೆ.

ಕಾಲುಗಳ ಮುಂದೆ, ಬಾಯಿಯ ಪಕ್ಕ ಇನ್ನೊಂದು ಜೋಡಿ ಪುಟ್ಟ ತೋಳುಗಳಿವೆ, ಇವೇ ಪೆಡಿಪಾಲ್ಪ್‌ಗಳು. ಇವುಗಳ ತುದಿ ಮುಷ್ಟಿಯಂತೆ ಉಬ್ಬಿದ್ದರೆ ಅದು ಪ್ರಾಯದ ಗಂಡು ಜೇಡ. ವೀರ್ಯ ಸಾಗಿಸುವ ಅಂಗ ಅದು. ಹಾರ್ವೆಸ್ಟ್‌ಮನ್ ಗಂಡಿಗೆ ನೇರ ಮಿಲನಕ್ಕೆ ಶಿಶ್ನವಿದೆ, ಆದ್ದರಿಂದ ಅಂಥ ಉಬ್ಬು ಇರುವುದಿಲ್ಲ.

ಹಂತ 7: ಜೇಡವೂ ಅಲ್ಲ, ಹಾರ್ವೆಸ್ಟ್‌ಮನ್ನೂ ಅಲ್ಲವಾದರೆ?

ಸೊಂಟ ಇಲ್ಲದವು ಹಾರ್ವೆಸ್ಟ್‌ಮನ್ ಮಾತ್ರವಲ್ಲ. ನುಸಿ ಮತ್ತು ಉಣ್ಣೆಗಳಿಗೂ ಇಲ್ಲ. ಅವುಗಳ ಮೈ ಒಂದೇ ಮುದ್ದೆ, ಹೊಟ್ಟೆಯಲ್ಲಿ ಖಂಡಗಳ ಗೆರೆ ಕಾಣದು, ಗಾತ್ರವೂ ಸಾಮಾನ್ಯವಾಗಿ ಬಲು ಚಿಕ್ಕದು. ಮರಿಗಳಿಗೆ ಆರೇ ಕಾಲು. ಉಣ್ಣೆಯ ಮುಂದೆ ಚುಚ್ಚಿ ರಕ್ತ ಹೀರುವ ಮೂತಿ ಚಾಚಿಕೊಂಡಿರುತ್ತದೆ. ರೋಗ ಹರಡುವ ಜೀವಿಯಾದ್ದರಿಂದ ಇದನ್ನು ಗುರುತಿಸುವುದರಲ್ಲಿ ಉದಾಸೀನ ಬೇಡ.

ಹಾರ್ವೆಸ್ಟ್‌ಮನ್‌ನ ಕಾಲಿಗೋ ಮೈಗೋ ಕೆಂಪು ಮಣಿಗಳು ಅಂಟಿರುವುದನ್ನು ನೀವು ನೋಡಬಹುದು. ಮೊಟ್ಟೆಗಳೆಂದು ಭಾವಿಸುವುದು ಸಹಜ. ಅವು ರಸ ಹೀರುತ್ತಿರುವ ನುಸಿ ಮರಿಗಳು. ಒಂದೇ ಫೋಟೋದಲ್ಲಿ ಎರಡು ಬಗೆಯ ಅಷ್ಟಪದಿಗಳು!

ಚೇಳಿಗೆ ವಿವರಣೆ ಬೇಡ: ಮುಂದೆ ದೊಡ್ಡ ಇಕ್ಕಳ, ಹಿಂದೆ ಮುಳ್ಳಿನ ಬಾಲ. ಇಕ್ಕಳ ಇದ್ದು ಬಾಲವೇ ಇಲ್ಲದ, ಕೆಲವೇ ಮಿಲಿಮೀಟರಿನ ಚಪ್ಪಟೆ ಜೀವಿ ಹಳೆಯ ಪುಸ್ತಕದ ನಡುವೆಯೋ ಮರದ ತೊಗಟೆಯಡಿಯೋ ಸಿಕ್ಕರೆ ಅದು ಹುಸಿಚೇಳು, ನಮಗೆ ಏನೂ ಮಾಡದು. ಚಾಟಿಜೇಡದ ಮೈ ಚಪ್ಪಟೆ, ಅಡ್ಡಡ್ಡ ಓಡುತ್ತದೆ, ಮುಳ್ಳಿನ ತೋಳುಗಳಿವೆ. ಉದ್ದನೆಯ ಚಾಟಿಯಂಥ ಕಾಲು ಇದಕ್ಕೂ ಇದೆ, ಆದರೆ ಅದು ಮೊದಲನೇ ಜೋಡಿ, ಹಾರ್ವೆಸ್ಟ್‌ಮನ್‌ನಂತೆ ಎರಡನೆಯದಲ್ಲ. ಚಾಟಿಚೇಳಿಗೆ ಬಾಲದ ಜಾಗದಲ್ಲಿ ತೆಳುವಾದ ದಾರ, ಕೆಣಕಿದರೆ ವಿನೆಗರ್ ವಾಸನೆಯ ಆಮ್ಲ ಸಿಂಪಡಿಸುತ್ತದೆ. ಒಣನಾಡಿನ ಒಂಟೆಜೇಡಕ್ಕೆ ಹತ್ತು ಕಾಲು ಇದ್ದಂತೆ ಕಾಣುತ್ತದೆ, ಪೆಡಿಪಾಲ್ಪ್‌ಗಳೂ ಕಾಲಿನಷ್ಟೇ ಉದ್ದ. ತಲೆಯ ಮುಂದಿನ ಭಾರಿ ದವಡೆಗಳನ್ನು ನೋಡಿದವರು ಬೇರೆ ಯಾವುದರ ಜೊತೆಗೂ ಅದನ್ನು ಗೊಂದಲ ಮಾಡಿಕೊಳ್ಳುವುದಿಲ್ಲ.

ಅನುಭವಿಗಳೂ ತಡವರಿಸುವ ಜಾಗ

ಗಿಡ್ಡ ಕಾಲಿನ ಹಾರ್ವೆಸ್ಟ್‌ಮನ್‌ಗಳದೇ ನಿಜವಾದ ಕಷ್ಟ. ತರಗೆಲೆಯಡಿ ಬದುಕುವ ಸೈಫೋಫ್ತಾಲ್ಮಿ ಗುಂಪಿನವು ನೋಡಲು ನುಸಿಯಂತೆಯೇ ಇರುತ್ತವೆ, ಹಲವಕ್ಕೆ ಕಣ್ಣೇ ಇಲ್ಲ. ಬೆನ್ನಿನ ಎರಡು ಪಕ್ಕಗಳಲ್ಲಿ ಚಿಕ್ಕ ಶಂಕುಗಳು ಎದ್ದಿರುತ್ತವೆ, ಕಣ್ಣಿನ ದಿಬ್ಬ ಎಂದು ಭ್ರಮೆ ಹುಟ್ಟಿಸುತ್ತವೆ. ಅವು ವಾಸನೆ ಗ್ರಂಥಿಯ ಬಾಯಿಗಳು. ಇಲ್ಲಿ ಹೊಟ್ಟೆಯ ಖಂಡಗಳೇ ಕೈಹಿಡಿಯುತ್ತವೆ: ಗೆರೆಗಳಿದ್ದರೆ ಹಾರ್ವೆಸ್ಟ್‌ಮನ್. ಲೇನಿಯಟೋರಿಸ್ ಗುಂಪಿನವಕ್ಕೆ ಗಟ್ಟಿ ಕವಚವಿದೆ, ಮುಳ್ಳಿನ ಪೆಡಿಪಾಲ್ಪ್‌ಗಳಿಂದ ಬೇಟೆ ಹಿಡಿಯುತ್ತವೆ, ಚಾಟಿಜೇಡದ ಮರಿಯೋ ಎನ್ನಿಸಬಹುದು. ಬೆನ್ನಿನ ನಡುವಿನ ಕಣ್ಣು, ಬೆಸೆದ ಮೈ ನೋಡಿ ಖಾತ್ರಿಪಡಿಸಿಕೊಳ್ಳಿ.

ವಾಸನೆ ಗ್ರಂಥಿ ಒಂದು ಜೋಡಿ ಎಲ್ಲ ಹಾರ್ವೆಸ್ಟ್‌ಮನ್‌ಗಳಲ್ಲೂ ಇದೆ. ಗಾಬರಿಯಾದರೆ ಹಲವು ಪ್ರಭೇದಗಳು ಘಾಟು ದ್ರವ ಸ್ರವಿಸುತ್ತವೆ. ಡಬ್ಬಿ ತೆರೆದಾಗ ವಿಚಿತ್ರ ವಾಸನೆ ಬಂದರೆ ಅದೂ ಒಂದು ಸುಳಿವು. ಹಾಗೆಯೇ ಗುಂಪು: ನೂರಾರು ಹಾರ್ವೆಸ್ಟ್‌ಮನ್‌ಗಳು ಬಂಡೆಯ ಕೆಳಗೆ ಕಾಲಿಗೆ ಕಾಲು ಹೆಣೆದು ಕೂದಲ ಗಡ್ಡೆಯಂತೆ ಒತ್ತಾಗಿ ಕೂರುವುದುಂಟು. ಒಂದಕ್ಕೆ ಗಾಬರಿಯಾದರೆ ಇಡೀ ಗುಂಪು ಮೇಲೆ ಕೆಳಗೆ ಜೀಕತೊಡಗುತ್ತದೆ. ಅದನ್ನು ಒಮ್ಮೆ ನೋಡಿದವರು ಮರೆಯಲಾರರು. ನೋಡಿ, ಕದಡದೆ ಬನ್ನಿ.

ಫೋಟೋ ತೆಗೆಯುವಾಗ

ಮೇಲಿಂದ ಒಂದು, ಪಕ್ಕದಿಂದ ಒಂದು, ಮುಖದ ಕಡೆಯಿಂದ ಒಂದು. ಈ ಮೂರೂ ಇದ್ದರೆ ತಿಳಿದವರು ಕನಿಷ್ಠ ಗಣವನ್ನಾದರೂ ಹೇಳಬಲ್ಲರು. ಮೇಲಿನದೊಂದೇ ಇದ್ದರೆ ಎಷ್ಟೋ ಸಲ ಅದೂ ಆಗದು. ಪಾರದರ್ಶಕ ಡಬ್ಬಿಯ ಅಡಿಯಿಂದ ತೆಗೆದರೆ ಇನ್ನೂ ಒಳ್ಳೆಯದು. ಅನೇಕ ಜೇಡಗಳ ಹೊಟ್ಟೆಯಡಿ ಪುಸ್ತಕ ಶ್ವಾಸಕೋಶದ (ಪುಸ್ತಕದ ಹಾಳೆಗಳಂತೆ ಪದರ ಪದರವಾದ ಉಸಿರಾಟದ ಅಂಗ) ತೆಳು ಬಣ್ಣದ ಮಚ್ಚೆಗಳು ಕಾಣುತ್ತವೆ, ಹಾರ್ವೆಸ್ಟ್‌ಮನ್ ಸಣ್ಣ ಕೊಳವೆಗಳ ಮೂಲಕ ಉಸಿರಾಡುವುದರಿಂದ ಅವು ಅಲ್ಲಿರುವುದಿಲ್ಲ. ಅಳತೆಗೆ ಪಕ್ಕದಲ್ಲಿ ಸ್ಕೇಲು ಇಡಿ, ಮತ್ತು ಕಾಲನ್ನು ಬಿಟ್ಟು ಮೈಯ ಉದ್ದವನ್ನು ಬರೆದುಕೊಳ್ಳಿ. ದಿನಾಂಕ, ಹೊತ್ತು, ಕೂತಿದ್ದ ಜಾಗ, ಮಾಡುತ್ತಿದ್ದ ಕೆಲಸ, ಇವನ್ನೂ ಎರಡು ಸಾಲು ಬರೆಯಿರಿ.

ಐದು ನಿಮಿಷಕ್ಕಿಂತ ಹೆಚ್ಚು ಡಬ್ಬಿಯಲ್ಲಿಡಬೇಡಿ, ಹಾರ್ವೆಸ್ಟ್‌ಮನ್‌ನ ಮೈ ಬೇಗ ಒಣಗುತ್ತದೆ. ಸಿಕ್ಕ ಜಾಗದಲ್ಲೇ ಡಬ್ಬಿಯನ್ನು ಓರೆಯಾಗಿ ನೆಲಕ್ಕೆ ತಾಗಿಸಿ ಹಿಡಿಯಿರಿ. ಮೊದಲು ಎರಡನೇ ಜೋಡಿ ಕಾಲು ಹೊರಬಂದು ನೆಲ ತಡವುತ್ತದೆ, ಆಮೇಲೆ ಮೈ ಹಿಂಬಾಲಿಸುತ್ತದೆ.